ಮೂಗಿಗೆ ಬರೆದ ಮಾತುಗಳು

ಸೆಪ್ಟೆಂಬರ್ ೯, ಮಂಗಳವಾರ

ನನ್ನ ಚೂಟಿಗೆ,

ಅಮ್ಮನ ಮುತ್ತು. ಬೈಯುವುದಿದ್ದರೆ ಮೊದಲೇ ಬೈದು ಮುಗಿಸು, ಆಮೇಲೆ ನಿಧಾನವಾಗಿ ಕೂತು ಓದು. ನಿನ್ನ ಪ್ರಬಂಧದ ಟೈಪು ಪ್ರತಿ ನನ್ನ ಕೈಸೇರಿ ಏಳು ವಾರವಾಯಿತು. ಅದರ ಹಿಂದೆಯೇ ಎರಡು ಕಾರ್ಡು ಬಂದವು. ಎರಡನೆಯದರಲ್ಲಿ "ಓದಿದ್ಯೋ ಇಲ್ವೋ, ಅಷ್ಟನ್ನಾದ್ರೂ ಹೇಳಮ್ಮ" ಎಂದು ಬರೆದಿದ್ದೀಯ. ಓದಿದ್ದೇನೆ. ಮೂರು ಸಲ ಓದಿದ್ದೇನೆ. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂತು. ಕನ್ನಡಕದ ಅಂಗಡಿಯವನು ಎಡಗಣ್ಣಿನ ಗಾಜನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿ ಕೊಟ್ಟ. ಹತ್ತು ದಿನ ನಾನು ಮೆಟ್ಟಿಲು ಇಲ್ಲದ ಕಡೆ ಕಾಲೆತ್ತಿ ಇಡುತ್ತಿದ್ದೆ. ಅದು ಸರಿಹೋಗುವಷ್ಟರಲ್ಲಿ ಮನೆ ಮಾಲೀಕರು ಗೋಡೆಗೆ ಬಣ್ಣ ಹೊಡೆಸಲು ಶುರು ಮಾಡಿದರು, ಮೇಜು ಕುರ್ಚಿ ಎಲ್ಲ ನಡುಮನೆಗೆ ಬಂದು ಬಿತ್ತು.

ನಾನು ಚೆನ್ನಾಗಿದ್ದೇನೆ. ಮನೆಯೂ ಚೆನ್ನಾಗಿದೆ, ಒಬ್ಬಳಿಗೆ ಒಂದು ಕೋಣೆ ಹೆಚ್ಚಾಯಿತು ಅಷ್ಟೆ. ನಿನ್ನ ಕೋಣೆಯ ಬಾಗಿಲು ತೆರೆದೇ ಇಟ್ಟಿರುತ್ತೇನೆ. ಮುಚ್ಚಿದರೆ ಒಳಗೆ ನೀನು ಮಲಗಿದ್ದೀಯ ಅನ್ನಿಸಿ ಸದ್ದಾಗದಂತೆ ನಡೆಯತೊಡಗುತ್ತೇನೆ. ವಾರಕ್ಕೆ ಐದು ದಿನ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಣ್ಣು ಮಂಜಾದ ಮೇಡಂಗೆ ಓದಿ ಹೇಳುವ ಕೆಲಸ. ಅದು ಬಿಟ್ಟರೆ ನನ್ನ ಬಾಯಿಗೆ ಬೇರೆ ಕೆಲಸವಿಲ್ಲ. ಭಾನುವಾರ ಸಂಜೆಯ ಹೊತ್ತಿಗೆ ಗಂಟಲೇ ಕಟ್ಟಿಹೋಗಿರುತ್ತದೆ. ಮೊನ್ನೆ ಕೆಳಗಿನ ಅಂಗಡಿಯಿಂದ ನಿನ್ನ ಹಾಸ್ಟೆಲಿಗೆ ಫೋನು ಮಾಡಿದೆ, ಸಿಗಲಿಲ್ಲ. ಬರಿಗೈಲಿ ಹಿಂತಿರುಗಲು ಮನಸ್ಸಾಗದೆ ಗಂಟೆ ಹೇಳುವ ನಂಬರಿಗೆ ಮಾಡಿದೆ. "ಈಗ ಸಮಯ ಆರು ಗಂಟೆ ಹತ್ತು ನಿಮಿಷ" ಎಂದಳು ರೆಕಾರ್ಡಿನ ಹೆಂಗಸು. "ಥ್ಯಾಂಕ್ಸ್ ಕಣಮ್ಮ" ಎಂದೆ. ಅವಳು ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ ಸೆಕೆಂಡು ಎಣಿಸುತ್ತಾ ಹೋದಳು. ಅಂಗಡಿಯವನು ನನ್ನನ್ನೇ ನೋಡುತ್ತಿದ್ದ. ನಗು, ಪರವಾಗಿಲ್ಲ.

ಈಗ ನಿನ್ನ ಪ್ರಬಂಧಕ್ಕೆ ಬರುತ್ತೇನೆ. ಬರೀ "ಚೆನ್ನಾಗಿದೆ" ಎಂದರೆ ನೀನು ಮೂತಿ ತಿರುಗಿಸುತ್ತೀಯ, ಗೊತ್ತು. ಮೇಡಂ ಬರೆದ ಆ ಕಾದಂಬರಿಯ ಬಗ್ಗೆ ದೊಡ್ಡ ದೊಡ್ಡವರು ಬರೆದದ್ದನ್ನೆಲ್ಲ ನಾನು ಟೈಪು ಮಾಡಿದ್ದೇನೆ. ನಿನ್ನಷ್ಟು ನೇರವಾಗಿ ಯಾರೂ ಕಥೆ ಹೇಳಿಲ್ಲ. ಮೊದಲ ಪುಟದಲ್ಲೇ ಮುಗಿಸಿಬಿಟ್ಟಿದ್ದೀಯ: ಹೊರಗಿನಿಂದ ಬಂದು ಆಳಿದ ದೊರೆಗಳು ಗಂಟುಮೂಟೆ ಕಟ್ಟಿದ ವರ್ಷ, ಅವರ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಮ್ಮವನೊಬ್ಬನ ಮನೆ, ಆ ಮನೆಯ ಅಡುಗೆಮನೆಯಲ್ಲಿ ಹುಟ್ಟುಮೂಗಿಯಾದ ಒಬ್ಬ ಕೆಲಸದವಳು. ದೊರೆಗಳು ಹೋದರೂ ಅವಳ ಪಾಡು ಬದಲಾಗುವುದಿಲ್ಲ, ಅವಳ ಬಾಯಿಂದ ಕೊನೆಯವರೆಗೂ ಒಂದು ಸದ್ದೂ ಹೊರಡುವುದಿಲ್ಲ. ದೊರೆಗಳ ಭಾಷೆಯಲ್ಲೇ ಬರೆದ ಆ ಪುಸ್ತಕವನ್ನು ನೀನು ಅದೇ ಭಾಷೆಯಲ್ಲಿ ಬಿಡಿಸಿ ಬಿಡಿಸಿ ಇಟ್ಟಿದ್ದೀಯ. 'ಈ ಮೂಗಿಯೇ ಆಳಿಸಿಕೊಂಡ ನಾಡು' ಎಂದಿದ್ದೀಯ. 'ಅವಳ ಮೌನವೇ ಅವಳ ಪ್ರತಿಭಟನೆ' ಎಂದಿದ್ದೀಯ. ನಿನ್ನ ಪ್ರೊಫೆಸರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಮೆಚ್ಚಿದ್ದಾರೆ.

ಚೂಟಿ, ಆ ಮೂಗಿ ನನ್ನ ಅಮ್ಮ.

ನಿನ್ನ ಅಜ್ಜಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಅವಳು ಮೇಡಂ ಅವರ ತಂದೆಯ ಮನೆಯಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಮೂವತ್ತು ವರ್ಷ ಕಳೆದವಳು. ನಾನು ಹುಟ್ಟಿದ್ದು ಆ ಮನೆಯ ಹಿತ್ತಲ ಕೋಣೆಯಲ್ಲಿ. ನನ್ನನ್ನು ಶಾಲೆಗೆ ಸೇರಿಸಿ, ದೊರೆಗಳ ಭಾಷೆ ಕಲಿಸಿ, ಟೈಪಿಂಗು ಕಲಿಸಿ ಮನುಷ್ಯಳಾಗಿ ಮಾಡಿದವರು ಮೇಡಂ. ಇಷ್ಟನ್ನು ನಿನಗೆ ಹೇಳಲು ಇಪ್ಪತ್ತೆರಡು ವರ್ಷ ಬೇಕಾಯಿತು. ನಿನ್ನ ಅಪ್ಪನ ಮನೆಯಲ್ಲಿ ಇದು ಯಾರಿಗೂ ತಿಳಿಯಬಾರದಿತ್ತು. ಅವರೆಲ್ಲ ಹೋದ ಮೇಲೂ ಬಾಯಿ ಬರಲಿಲ್ಲ.

ಇನ್ನೊಂದು ವಿಷಯ. ಅಮ್ಮ ಮೂಗಿಯಾಗಿರಲಿಲ್ಲ. ಅಯ್ಯೋ, ಮೂಗಿಯಂತೆ! ಆ ಮನೆಯವರು ಅವಳಿಗಿಟ್ಟ ಅಡ್ಡಹೆಸರು ರೇಡಿಯೊ. ಬೆಳಗ್ಗೆ ಒಲೆ ಹಚ್ಚುವಾಗ ಶುರುವಾದರೆ ರಾತ್ರಿ ಚಾಪೆ ಹಾಸುವ ತನಕ ನಿಲ್ಲುತ್ತಿರಲಿಲ್ಲ. ಪಾತ್ರೆ ತೊಳೆಯುವಾಗ ಪಾತ್ರೆಗೆ ಬುದ್ಧಿ ಹೇಳುತ್ತಿದ್ದಳು. ಕೇಳುವವರಿಲ್ಲದಿದ್ದರೆ ಗೋಡೆಯ ಹಲ್ಲಿಗೆ ಹೇಳುತ್ತಿದ್ದಳು. ನೀನು ಅವಳನ್ನು ನಾಡು ಅನ್ನುತ್ತೀಯ. ನಾಡಿಗೆ ನೆಗಡಿ ಆಗುವುದಿಲ್ಲ ಕಣೇ. ನನ್ನಮ್ಮನಿಗೆ ಆಗುತ್ತಿತ್ತು, ಆಗ ಮೂಗು ಕಟ್ಟಿಕೊಂಡೇ ಮಾತಾಡುತ್ತಿದ್ದಳು.

ಈ ತಿಂಗಳ ಕೊನೆಗೆ ನೀನು ಪ್ರಬಂಧ ಒಪ್ಪಿಸಬೇಕು. ಅಷ್ಟರೊಳಗೆ ಇಲ್ಲಿ ಏನಾಯಿತೆಂದು ನಿನಗೆ ಗೊತ್ತಾಗಬೇಕು. ಗಂಟೆ ಒಂದೂವರೆಯಾಯಿತು, ಬಸ್ಸು ತಪ್ಪಿದರೆ ಮೇಡಂ ಮುಖ ಊದಿಸಿಕೊಂಡು ಕೂತಿರುತ್ತಾರೆ. ಬಂದು ಬರೆಯುತ್ತೇನೆ.

ಬುಧವಾರ

ನಿನ್ನೆ ಬಂದವಳಿಗೆ ಬರೆಯಲು ತ್ರಾಣ ಇರಲಿಲ್ಲ. ಇವತ್ತು ಮೇಡಂ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಾರೆ, ನನಗೆ ರಜೆ.

ಅವರಿಗೆ ಈಗ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಬೆಳಕು ಎಲ್ಲಿದೆ ಅನ್ನುವುದಷ್ಟೆ ಗೊತ್ತಾಗುತ್ತದೆ, ಅದಕ್ಕೇ ಕುರ್ಚಿಯನ್ನು ಕಿಟಕಿಗೆ ಎದುರಾಗಿ ಹಾಕಿಸಿಕೊಂಡಿದ್ದಾರೆ. ಕಾದಂಬರಿಗೆ ನಲವತ್ತು ವರ್ಷ ತುಂಬಿತೆಂದು ಪ್ರಕಾಶಕರು ಹೊಸ ಆವೃತ್ತಿ ತರುತ್ತಿದ್ದಾರೆ. "ತಿದ್ದೋದೇನಾದ್ರೂ ಇದ್ರೆ ತಿದ್ದಿ ಕೊಡಿ" ಎಂದು ಹಳೆಯ ಪ್ರತಿಯೊಂದನ್ನು ಕಳಿಸಿದರು. ನಮ್ಮ ಕೆಲಸದ ರೀತಿ ಹೀಗೆ: ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕೈ ಎತ್ತಿದರೆ ನಿಲ್ಲಿಸುತ್ತೇನೆ, ಅವರು ಹೇಳಿದ ತಿದ್ದುಪಡಿಯನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಳ್ಳುತ್ತೇನೆ. ಕೈ ಎತ್ತದಿದ್ದರೆ ಮುಂದಕ್ಕೆ. ಮೊದಲ ಅಧ್ಯಾಯದಲ್ಲಿ ಎರಡು ಅಲ್ಪವಿರಾಮ ತೆಗೆಸಿದರು, ಅಷ್ಟೆ.

ಆ ವಾರವೇ ನಿನ್ನ ಪ್ರಬಂಧ ಬಂದದ್ದು. ಬೆಳಗ್ಗೆ ಅದನ್ನು ಓದುವುದು, ಮಧ್ಯಾಹ್ನ ಹೋಗಿ ಕಾದಂಬರಿ ಓದುವುದು. ಎರಡರಲ್ಲೂ ಅಮ್ಮ ಬಾಯಿ ಬಿಡುವುದಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಎರಡನೇ ಅಧ್ಯಾಯದಲ್ಲಿ ಊಟದ ಮನೆಗೆ ಬಂದ ದೊರೆ ಕರೆಗಂಟೆಯ ಹಗ್ಗವನ್ನು ಮೂರು ಸಲ ಎಳೆಯುತ್ತಾನಲ್ಲ, ಮೂಗಿ ತಲೆ ತಗ್ಗಿಸಿಕೊಂಡು ಚಹಾ ತರುತ್ತಾಳಲ್ಲ, ಅಲ್ಲಿಗೆ ಬಂದಾಗ ನನಗೇ ಗೊತ್ತಿಲ್ಲದ ಹಾಗೆ, ದೊರೆಗಳ ಭಾಷೆಯ ಆ ನಯವಾದ ವಾಕ್ಯಗಳ ಮಧ್ಯೆ, ನಮ್ಮ ಮಾತಿನಲ್ಲಿ ಹೇಳಿಬಿಟ್ಟೆ: "ಬಂದೆ, ಬಂದೆ! ಆ ಹಗ್ಗ ಕಿತ್ತು ಬಂದ್ರೆ ಕಟ್ಟೋಳೂ ನಾನೇ!"

ಅದು ಅಮ್ಮನದೇ ಮಾತು. ಚಿಕ್ಕವಳಿದ್ದಾಗ ದಿನಾ ಕೇಳುತ್ತಿದ್ದೆ.

ನಾನು ಓದುವುದನ್ನು ನಿಲ್ಲಿಸಿ ಕಾದೆ. ಮೇಡಂ ಕೈ ಎತ್ತಲಿಲ್ಲ. ಕಿಟಕಿಯ ಕಡೆಗೆ ಮುಖ ಇಟ್ಟುಕೊಂಡು "ಮುಂದೆ ಓದು" ಎಂದರು. ಕೈ ಎತ್ತಲಿಲ್ಲ ಎಂದರೆ ಒಪ್ಪಿಗೆ, ನಮ್ಮ ಲೆಕ್ಕ ಹಾಗಿದೆಯಲ್ಲ? ಆ ಸಾಲನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದೆ.

ಆಮೇಲೆ ಕೇಳಬೇಕೆ? ವಾರಕ್ಕೆ ಒಂದೋ ಎರಡೋ ಮಾತು ಸೇರುತ್ತಾ ಹೋಯಿತು. ಬಾವುಟ ಬದಲಾಗುವ ದಿನದ ಅಧ್ಯಾಯ ಗೊತ್ತಲ್ಲ, ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ನಿಂತು ಮೂಗಿ ಸದ್ದಿಲ್ಲದೆ ಅಳುವುದು. ನೀನು ಅದಕ್ಕೇ ಹನ್ನೆರಡು ಪುಟ ಕೊಟ್ಟಿದ್ದೀಯ. ಅಮ್ಮ ಆ ದಿನ ಮೆಟ್ಟಿಲ ಕೆಳಗೆ ನಿಂತಿದ್ದದ್ದು ನಿಜ. ಸುಮ್ಮನೆ ನಿಂತಿರಲಿಲ್ಲ. "ನಲವತ್ತು ಜನ ಬಂದು ಕೂತವ್ರೆ! ಬಾವುಟ ಯಾರದಾದ್ರೇನು, ಲೋಟ ತೊಳೆಯೋಳು ನಾನೇ ತಾನೆ?" ಎಂದು ಮನೆಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದಳಂತೆ. ಅದನ್ನು ಅವಳೇ ನನಗೆ ನೂರು ಸಲ ಹೇಳಿದ್ದಳು, ಒಂದೊಂದು ಸಲ ಹೇಳುವಾಗಲೂ ಅತಿಥಿಗಳ ಸಂಖ್ಯೆ ಏರುತ್ತಿತ್ತು. ನಾನು ನಲವತ್ತೆಂದೇ ಓದಿದೆ. ಮೇಡಂ ಅವರ ಹೊಟ್ಟೆ ಕುಲುಕಾಡಿತು. ಕೈ ಮಾತ್ರ ಮೇಲೇಳಲಿಲ್ಲ.

ಕಿಟಕಿಯ ಬಳಿ ಕೂತು ಬರೆಯುವ ಮನೆಮಗಳ ಪಾತ್ರ ಇದೆಯಲ್ಲ, ಅದು ಮೇಡಂ. ಅಲ್ಲಿಗೆ ಬಂದಾಗ ಧೈರ್ಯ ಮಾಡಿ ಇದನ್ನೂ ಸೇರಿಸಿದೆ: "ಈ ಹುಡುಗಿ ಬೆಳಗಿಂದ ಕಾಗದದ ಮೇಲೆ ಅದೇನು ಗೀಚ್ತಾಳೋ. ಕುಡಿದ ಲೋಟ ಎತ್ತಿಡೋಕೆ ಮಾತ್ರ ಕೈ ಬರಲ್ಲ." ಮೇಡಂ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ನೀರು ಕೊಟ್ಟೆ. ಕುಡಿದು, ಲೋಟವನ್ನು ತಾವೇ ತಡಕಿ ಮೇಜಿನ ಮೇಲೆ ಇಟ್ಟರು.

ಆ ಐದಾರು ವಾರ ನನಗೆ ಎಷ್ಟು ಹಿತವಾಗಿತ್ತೆಂದರೆ, ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದೆ. ಮನೆಗೆ ಬಂದು ದೀಪ ಹಾಕಿ, ಮುಂದೆ ಅಮ್ಮ ಎಲ್ಲಿ ಬಾಯಿ ಹಾಕಬೇಕು ಎಂದು ಪುಟ ನೋಡಿಟ್ಟುಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ನಿನಗೆ ಬರೆಯದೆ ಹೋದದ್ದಕ್ಕೆ ಇದೂ ಒಂದು ಕಾರಣ ಎಂದುಕೋ.

ಆದರೆ ಅಮ್ಮನ ಮಾತುಗಳು ಮುಗಿದುಹೋದವು. ನನಗೆ ನೆನಪಿದ್ದದ್ದು ಏಳೆಂಟು. ಪುಸ್ತಕ ಇನ್ನೂ ಅರ್ಧ ಉಳಿದಿತ್ತು. ಬಿಡಲು ಮನಸ್ಸಾಗಲಿಲ್ಲ, ನಾನೇ ಕಟ್ಟತೊಡಗಿದೆ. ಹದಿಮೂರನೇ ಅಧ್ಯಾಯದಲ್ಲಿ ಮನೆಯ ಯಜಮಾನ ಮೂಗಿಯ ಕೈ ಹಿಡಿಯುವಾಗ ಅವಳಿಂದ ಹೀಗೆ ಹೇಳಿಸಿದೆ: "ನೀವು ದೊರೆಗಳಿಗೆ ಆಳು, ನಾನು ನಿಮಗೆ ಆಳು. ನನ್ನ ಮೈ ಮಾತ್ರ ಯಾರ ಆಳೂ ಅಲ್ಲ."

ಮೇಡಂ ಕೈ ಎತ್ತಿದರು.

"ಇದು ಅವಳಲ್ಲ" ಎಂದರು. "ಇದು ನಿನ್ನ ಮಗಳ ಪ್ರಬಂಧ."

ನಿನ್ನ ಪ್ರಬಂಧದ ಬಗ್ಗೆ ನಾನೇ ಅವರಿಗೆ ಹೇಳಿದ್ದೆ, ಜಂಬ ಕೊಚ್ಚಿಕೊಳ್ಳಲು. ನನ್ನ ಮುಖ ಬಿಸಿಯಾಯಿತು. ಅವರಿಗೆ ಕಾಣುವುದಿಲ್ಲವಲ್ಲ ಎಂಬುದೊಂದೇ ಸಮಾಧಾನ.

"ಮೊದಲಿನ ಏಳೆಂಟು ಅವಳದ್ದೇ" ಎಂದರು. "ಅವಳ ಬಾಯಿ ನನಗೆ ಗೊತ್ತಿಲ್ವಾ? ಅದಕ್ಕೇ ಸುಮ್ಮನೆ ಕೂತಿದ್ದೆ. ಕೇಳಿ ಎಷ್ಟು ಕಾಲ ಆಗಿತ್ತು."

"ಹಾಗಾದ್ರೆ ಅವಳನ್ನ ಯಾಕೆ ಮೂಗಿ ಮಾಡಿದ್ರಿ, ಮೇಡಂ?"

ಇಷ್ಟು ವರ್ಷದಲ್ಲಿ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು. ಮಿಕ್ಕಿದ್ದೆಲ್ಲ "ಬಿಳಿ ಹಾಳೆಯೋ ಹಳದಿ ಹಾಳೆಯೋ" ಎಂಬಂಥವು.

ಅವರು ಹೇಳಿದರು. ನೀನು ಟಿಪ್ಪಣಿ ಮಾಡಿಕೊಳ್ಳುತ್ತೀಯ ಎಂದು ಗೊತ್ತಿದ್ದೇ ಅವರು ಆಡಿದ ಹಾಗೇ ಬರೆಯುತ್ತಿದ್ದೇನೆ: "ಅವಳು ಮಾತಾಡ್ತಿದ್ದದ್ದು ನಮ್ಮ ಭಾಷೇಲಿ. ನಾನು ಬರೀತಿದ್ದದ್ದು ದೊರೆಗಳ ಭಾಷೇಲಿ. ಮೊದಲು ಅವಳಿಂದ ಆ ಭಾಷೇನ ತಪ್ಪು ತಪ್ಪಾಗಿ ಆಡಿಸಿ ನೋಡಿದೆ. ಓದಿದವರೆಲ್ಲ ಅವಳನ್ನ ನೋಡಿ ನಕ್ಕರು. ಆಮೇಲೆ ಸರಿಯಾಗಿ ಆಡಿಸಿ ನೋಡಿದೆ. ಅದು ನಾನೇ ಮಾತಾಡಿದ ಹಾಗೆ ಕೇಳಿಸ್ತು. ಎರಡು ವರ್ಷ ಒದ್ದಾಡಿದೆ ಕಣೇ. ಕೊನೆಗೆ ಒಂದು ದಿನ ಅವಳ ಮಾತೆಲ್ಲ ಹೊಡೆದುಹಾಕಿದೆ. ಪುಸ್ತಕ ತಟ್ಟನೆ ಎದ್ದು ನಿಂತುಕೊಳ್ತು. ಎಲ್ಲರೂ ಅತ್ತರು."

"ಅಮ್ಮನಿಗೆ ಹೇಳಿದ್ರಾ?"

"ಹೇಳಿದೆ. 'ನನ್ನ ಬಗ್ಗೆ ಬರೆದಿದ್ದೀರಂತೆ, ನಾನು ಅದರಲ್ಲಿ ಏನೇನು ಅಂತೀನಿ?' ಅಂತ ಬಂದು ಕೇಳಿದ್ಲು. 'ಏನೂ ಅನ್ನಲ್ಲ' ಅಂದೆ. 'ಓ, ಹಾಗಾದ್ರೆ ಅದು ನಾನಲ್ಲ' ಅಂತ ಹೇಳಿ ಒಗೆಯೋಕೆ ಹೋದ್ಲು."

ಇಬ್ಬರೂ ನಕ್ಕೆವು. ನಕ್ಕದ್ದು ನಿಂತ ಮೇಲೆ ಮೇಡಂ ಕಿಟಕಿಯ ಕಡೆಯಿಂದ ನನ್ನ ಕಡೆಗೆ ತಿರುಗಿದರು. ಕಾಣದ ಕಣ್ಣು ನೆಟ್ಟಗೆ ಮುಖದ ಮೇಲೆ ಬಿದ್ದರೆ ಒಂಥರಾ ಆಗುತ್ತದೆ.

"ನಾಟಕ ಸಾಕು" ಎಂದರು. "ಅವಳ ಮಾತು ಪುಸ್ತಕದೊಳಗೆ ಬರಬೇಕು ಅಂತ ನಿನಗೆ ಅನ್ನಿಸಿದ್ರೆ ಹಾಕೋಣ. ನನಗೆ ಇನ್ನು ಎಷ್ಟು ದಿನ? ಬೈಯೋರು ಬೈಯಲಿ. ಆದ್ರೆ ಅವಳದ್ದೇ ಮಾತಿರಬೇಕು, ನಿನ್ನದಲ್ಲ, ನನ್ನದೂ ಅಲ್ಲ. ಇನ್ನೂ ಒಂದು. ಮೂಗಿ ಬಾಯಿ ಬಿಟ್ರೆ ನಿನ್ನ ಮಗಳ ಪ್ರಬಂಧ ಏನಾಗುತ್ತೆ, ಅದನ್ನೂ ಯೋಚನೆ ಮಾಡು. ಶುಕ್ರವಾರ ಪ್ರಕಾಶಕರ ಕಡೆಯವನು ಬರ್ತಾನೆ. ಕೊನೆ ಅಧ್ಯಾಯ ತಗೊಂಡುಹೋಗಿ ತುಂಬಿಸ್ಕೊಂಡು ಬಾ."

ಇದು ಮೊನ್ನೆ ಸೋಮವಾರದ ಮಾತು. ಈಗ ನನ್ನ ಮುಂದೆ ಎರಡೂ ಇವೆ, ಎಡಕ್ಕೆ ನಿನ್ನ ಪ್ರಬಂಧ, ಬಲಕ್ಕೆ ಕೊನೆಯ ಅಧ್ಯಾಯ. ಮೂಗಿ ಮಾತಾಡಿದರೆ ನಿನ್ನ ನೂರಾ ಎಂಬತ್ತು ಪುಟ ನೀರಿಗೆ ಬೀಳುತ್ತದೆ. ನೀನು ರಾತ್ರಿ ಹಗಲು ಕೂತು ಬರೆದದ್ದು ನನಗೆ ಗೊತ್ತಿಲ್ಲವೆ? ಮಾತಾಡದಿದ್ದರೆ ಅಮ್ಮ ಇನ್ನು ನಲವತ್ತು ವರ್ಷ ಮೆಟ್ಟಿಲ ಕೆಳಗೆ ನಿಂತು ಅಳುತ್ತಲೇ ಇರಬೇಕು, ಹೊಸ ಹೊಸ ಹುಡುಗಿಯರು ಬಂದು ಅವಳ ಮೌನದ ಮೇಲೆ ಪ್ರಬಂಧ ಬರೆಯಬೇಕು. ನಿನ್ನ ಹತ್ತಿರ ಕೇಳೋಣವೆಂದರೆ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಶುಕ್ರವಾರ ದಾಟಿರುತ್ತದೆ.

ಶುಕ್ರವಾರ ಸಂಜೆ

ಮುಗಿಯಿತು.

ಕೊನೆಯ ಅಧ್ಯಾಯದಲ್ಲಿ ಮೂಗಿಗೆ ವಯಸ್ಸಾಗಿದೆ. ಮನೆಯ ಕೂಸೊಂದನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಾಳೆ. ಒಂದೂವರೆ ಪುಟ, ಅಷ್ಟೆ. ಬುಧವಾರ ಮಧ್ಯಾಹ್ನದಿಂದ ಗುರುವಾರ ಬೆಳಗಿನವರೆಗೆ ಆ ಒಂದೂವರೆ ಪುಟದ ಮುಂದೆ ಕೂತೆ. ಒಂದು ಮಾತೂ ಹುಟ್ಟಲಿಲ್ಲ. ಮೂವತ್ತು ವರ್ಷದ ಅಮ್ಮ ಹೇಗೆ ಕೂಗಾಡುತ್ತಿದ್ದಳೆಂದು ಗೊತ್ತು, ನಲವತ್ತರಲ್ಲಿ ಹೇಗೆ ಗೊಣಗುತ್ತಿದ್ದಳೆಂದು ಗೊತ್ತು. ಅರವತ್ತರ ಅಮ್ಮನ ಬಾಯಲ್ಲಿ ಏನು ಬರುತ್ತಿತ್ತು? ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ಸಿಪ್ಪೆ ಬಂತು.

ಗುರುವಾರ ಹೋಗಿ ಮೇಡಂಗೆ ಹೇಳಿದೆ, "ಇಲ್ಲ ಮೇಡಂ, ನನ್ನ ಹತ್ರ ಇಲ್ಲ."

"ಸರಿ" ಎಂದರು. ಬೈಯಲಿಲ್ಲ. "ಹಾಗಾದ್ರೆ ಎಲ್ಲ ಒರೆಸಿಬಿಡು. ಅರ್ಧ ಪುಸ್ತಕ ಮಾತಾಡಿ ಇನ್ನರ್ಧ ಮೂಗಿ ಆಗೋದು ಬೇಡ." ಆಮೇಲೆ, "ಒಂದು ಹಾಳೆ ಹಾಕು ಮಿಷನ್ನಿಗೆ" ಎಂದರು.

ಹೊಸ ಆವೃತ್ತಿಗೆ ಮುನ್ನುಡಿ ಬರೆಯುವುದಿಲ್ಲ ಎಂದು ಪ್ರಕಾಶಕರ ಹತ್ತಿರ ಆರು ತಿಂಗಳಿಂದ ಹಟ ಹಿಡಿದಿದ್ದವರು, ಎರಡೇ ವಾಕ್ಯ ಹೇಳಿ ಬರೆಸಿದರು. ನಮ್ಮ ಭಾಷೆಯಲ್ಲೇ ಹೇಳಿದರು, ಹಾಗೇ ಅಚ್ಚಾಗಬೇಕಂತೆ: "ಈ ಕಥೆಯ ಮೂಗಿ ನಮ್ಮ ಮನೆಯಲ್ಲಿದ್ದ ಒಬ್ಬ ಹೆಂಗಸು, ಅವಳು ಮೂಗಿಯಾಗಿರಲಿಲ್ಲ. ಅವಳ ಬಾಯಿ ಕಟ್ಟಿದವಳು ನಾನು." ಕೆಳಗೆ ಕೈ ಹಿಡಿದು ತೋರಿಸಿದೆ, ಸಹಿ ಹಾಕಿದರು. ಸಹಿ ಗೆರೆಯಿಂದ ಮೇಲಕ್ಕೆ ಹೋಯಿತು, ಆದರೂ ಓದಲು ಬರುತ್ತದೆ.

ಇವತ್ತು ಪ್ರಕಾಶಕರ ಕಡೆಯವನು ಬಂದ. ಪುಟ ತಿರುವಿ, "ಇಷ್ಟೊಂದು ಕಡೆ ಒರೆಸಿದ್ದೀರಲ್ಲ, ಏನಿತ್ತು ಇಲ್ಲಿ?" ಎಂದು ಕೇಳಿದ. "ಏನಿಲ್ಲಪ್ಪ, ನನ್ನ ಕೈತಪ್ಪು" ಎಂದೆ. ಮುನ್ನುಡಿಯ ಹಾಳೆ ನೋಡಿ ಅವನ ಹುಬ್ಬು ಮೇಲೆ ಹೋಯಿತು, ಆದರೆ ಮೇಡಂ ಎದುರು ಅವನ ಆಟ ನಡೆಯುವುದಿಲ್ಲ. ಚೀಲಕ್ಕೆ ಹಾಕಿಕೊಂಡು ಹೋದ.

ಹಾಗಾಗಿ ಚೂಟಿ, ನವೆಂಬರಿನಲ್ಲಿ ಆ ಎರಡು ವಾಕ್ಯ ಅಚ್ಚಾಗುತ್ತದೆ. ನಿನ್ನನ್ನು ಪರೀಕ್ಷೆ ಮಾಡುವವರು ಅದನ್ನು ಓದುತ್ತಾರೆ. ಆಗ ನೀನು ಬೆಪ್ಪಾಗಿ ನಿಲ್ಲಬಾರದು. ಪ್ರಬಂಧ ತಿದ್ದುತ್ತೀಯೋ, ಹಾಗೇ ಒಪ್ಪಿಸುತ್ತೀಯೋ, ನಿನ್ನ ಪ್ರೊಫೆಸರ ಹತ್ತಿರ ಇನ್ನೊಂದು ವರ್ಷ ಕೇಳುತ್ತೀಯೋ, ನಿನಗೆ ಬಿಟ್ಟದ್ದು. ಏನು ಮಾಡಿದರೂ ನಾನು ನಿನ್ನ ಕಡೆಯವಳೇ. ನಿನ್ನ ಬುದ್ಧಿಯ ಮೇಲೆ ನನಗೆ ನಂಬಿಕೆ ಇದೆ. ಕೆಂಪು ಶಾಯಿಯ ಎರಡು ಗೆರೆ ಇಲ್ಲದಿದ್ದರೂ ಅದು ಇರುತ್ತಿತ್ತು.

ಹೊತ್ತು ಹೊತ್ತಿಗೆ ಉಣ್ಣು. ತಲೆ ಒದ್ದೆ ಇರುವಾಗ ಮಲಗಬೇಡ. ಹಾಸ್ಟೆಲಿನ ಹುಡುಗಿಯರ ಜತೆ ಜಗಳ ಮಾಡಬೇಡ, ಮಾಡಿದರೆ ಸೋಲಬೇಡ. ನೀನು ಎಲ್ಲೇ ಇರು, ನಿನ್ನ ಮಾತು ಕೇಳುವವರು ನಿನ್ನ ಹತ್ತಿರ ಇರಲಿ. ನನಗೆ ಬೇರೆ ಆಶೀರ್ವಾದ ಗೊತ್ತಿಲ್ಲ.

ಇಂತಿ ನಿನ್ನ,
ಅಮ್ಮ

ಮರೆತ ಮಾತು:

ಮರೆತಿರಲಿಲ್ಲ. ಮೇಲಿನದ್ದನ್ನು ಮಡಚಿ ಕವರಿಗೆ ಹಾಕಿ, ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ನಿನ್ನ ಪ್ರಬಂಧದ ಅರ್ಪಣೆಯ ಪುಟದ ಬಗ್ಗೆ ಒಂದಕ್ಷರ ಬರೆಯಲಿಲ್ಲ, ನೋಡು. 'ನಮ್ಮ ಮನೆಯಲ್ಲಿ ಕೆಲಸಕ್ಕಿದ್ದ, ಮಾತು ಬಾರದ ನನ್ನ ಹೂಂ ಅಜ್ಜಿಗೆ' ಎಂದು ಬರೆದಿದ್ದೀಯ. ಏನು ಕೇಳಿದರೂ "ಹೂಂ" ಎನ್ನುತ್ತಿದ್ದಳೆಂದು ನೀನೇ ಇಟ್ಟ ಹೆಸರು. ನಿನಗೆ ಏಳು ತುಂಬುವವರೆಗೆ ನಿನ್ನ ತಲೆ ಬಾಚಿದವಳು, ನಿನ್ನನ್ನು ಸೊಂಟದ ಮೇಲೆ ಹೊತ್ತವಳು, ಅಡುಗೆಮನೆಯ ಬಾಗಿಲ ಪಕ್ಕ ಮಲಗುತ್ತಿದ್ದವಳು.

ಅಜ್ಜಿ ನೀನು ಹುಟ್ಟುವ ಮೊದಲೇ ತೀರಿಕೊಂಡಳು ಎಂದು ಹೇಳಿದ್ದೆನಲ್ಲ, ಅದೂ ಸುಳ್ಳು.

ಮದುವೆಯಾಗುವಾಗ ನನಗೆ ತಾಯಿ ಇಲ್ಲ ಎಂದು ನಿನ್ನ ಅಪ್ಪನ ಮನೆಯಲ್ಲಿ ಹೇಳಿದ್ದೆ. ನೀನು ಹುಟ್ಟಿದೆ, ನಾನು ಕೆಲಸಕ್ಕೆ ಹಿಂತಿರುಗಬೇಕಾಯಿತು, ಮಗು ನೋಡಿಕೊಳ್ಳುವವರು ಬೇಕಾದರು. "ಕೆಲಸದವಳು ಅಂತ ಹೇಳಿ ಕರ್ಕೊಂಡು ಹೋಗು. ನನಗೇನು ಹೊಸದಾ?" ಎಂದವಳು ಅಮ್ಮನೇ. ಮೂಗಿ ಎಂದು ಹೇಳುತ್ತೇನೆ ಅಂದವಳು ನಾನು. ಅವಳ ದನಿ, ನನ್ನ ದನಿ ಒಂದೇ ಅಚ್ಚು, ಯಾರು ಕೇಳಿದರೂ ಗೊತ್ತಾಗುತ್ತಿತ್ತು. ಗಂಟೆಗೊಂದು ಸಲ ಬಾಯಿತಪ್ಪಿ ನನ್ನನ್ನು ಮಗಳೇ ಎನ್ನುತ್ತಿದ್ದಳು. ಅವಳು ಒಪ್ಪಿದಳು. ನಿನ್ನ ಅಪ್ಪನಿಗೂ ಕೊನೆಯವರೆಗೆ ತಿಳಿಯಲಿಲ್ಲ. "ಕಡೆಗಾಲದಲ್ಲಿ ಮಗಳ ಮನೇಲಿ ಬಾಯ್ತುಂಬ ಮಾತಾಡ್ಕೊಂಡು ಇದ್ಲಲ್ಲ, ಪುಣ್ಯವಂತೆ" ಎಂದರು ಮೇಡಂ ನಿನ್ನೆ, ಸಹಿ ಹಾಕಿದ ಮೇಲೆ. ನಾನು ಹೂಂ ಎಂದೆ. ಆ ಎರಡು ವಾಕ್ಯದ ಕೆಳಗೆ ಇರಬೇಕಾದ ಸಹಿ ಅವರದಲ್ಲ.

ನಿನಗೆ ಎರಡು ವರ್ಷವಿದ್ದಾಗ ಒಂದು ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನೀನು ತಟ್ಟೆಯ ಮುಂದೆ ಕೂರುತ್ತಾ ಕಾಲು ನೀವಿಕೊಂಡು, ಮುದುಕಿಯ ಹಾಗೆ ಉಸಿರುಬಿಟ್ಟು, "ಅಯ್ಯೋ, ನನ್ನ ಮಂಡಿಯೇ! ನಿನಗೂ ಸಾಕಾಯ್ತಾ, ನನಗೂ ಸಾಕಾಯ್ತು" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಇದಕ್ಕೆ ಇದನ್ನೆಲ್ಲ ಯಾರು ಹೇಳಿಕೊಟ್ರು?" ಎಂದರು ನಿನ್ನ ಅಪ್ಪನ ತಾಯಿ. "ನಾನೇ" ಎಂದೆ. ನಾವೆಲ್ಲ ಹೊರಗೆ ಹೋದ ಮೇಲೆ, ಬಾಗಿಲು ಹಾಕಿಕೊಂಡು, ಅಮ್ಮ ದಿನವಿಡೀ ನಿನ್ನ ಹತ್ತಿರ ಮಾತಾಡುತ್ತಿದ್ದಳು ಎಂದು ನನಗೆ ಆಗ ಗೊತ್ತಾದದ್ದು. ನಿನಗೆ ಮಾತು ಕಲಿಸಿದವಳು ಅವಳು.

ಮಾರನೆಯ ಬೆಳಗ್ಗೆ ಹಿತ್ತಲಲ್ಲಿ ಅವಳಿಗೆ ಹೇಳಿದೆ, "ಮಗು ಕೇಳಿದ್ದನ್ನೆಲ್ಲ ಹೇಳುತ್ತೆ. ಇನ್ನು ಅದರ ಹತ್ರಾನೂ ಬೇಡ." ಬಟ್ಟೆ ಹಿಂಡುತ್ತಿದ್ದವಳು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಹೂಂ ಎಂದಳು.

ಆಮೇಲೆ ಐದು ವರ್ಷ ನಮ್ಮ ಜತೆ ಇದ್ದಳು. ಆವತ್ತು ಏನು ಹೇಳಲು ಹೊರಟಿದ್ದಳೆಂದು ನಾನು ಒಂದು ದಿನವೂ ಕೇಳಲಿಲ್ಲ.